ಬೈಗುಳ ಸವರುವವನ ಬೋಳು ಮರ

ಆ ಊರು ಎಲ್ಲಿದೆ ಎಂದು ಮಾತ್ರ ಕೇಳಬೇಡಿ. ಕೇಳಿದರೆ ನಾನು ಹೇಳಿಬಿಡುವವನೇ. ಆಮೇಲೆ ನೀವು ಹೋಗಿ ಯಾರದೋ ಮನೆಯ ಮರದ ಕೆಳಗೆ ಕಿವಿ ನಿಮಿರಿಸಿಕೊಂಡು ನಿಲ್ಲುತ್ತೀರಿ, ಆ ಊರಿನಲ್ಲಿ ಅದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ.

ಊರಿನಲ್ಲಿ ಇದ್ದದ್ದು ಒಂದೇ ಕಟ್ಟಳೆ. ಯಾರೂ ಯಾರನ್ನೂ ಎದುರಿಗೆ ನಿಂತು ಬೈಯುವಂತಿಲ್ಲ. ಸಿಟ್ಟು ಬಂದರೆ ಮನೆಯ ಮರದ ಹತ್ತಿರ ಹೋಗಬೇಕು. ತೊಗಟೆಗೆ ಬಾಯಿ ಹಚ್ಚಬೇಕು. ಹೇಳುವುದನ್ನೆಲ್ಲ ಅದಕ್ಕೆ ಹೇಳಬೇಕು. ಆಮೇಲೆ ಬಾಯಿ ಒರೆಸಿಕೊಂಡು ಒಳಗೆ ಬಂದು ನಗುನಗುತ್ತಾ ಊಟಕ್ಕೆ ಬಡಿಸಬೇಕು. ಹೇಳಿದ್ದು ಮರದ ಮೈಯೊಳಗೆ ಇಳಿದು, ಬೆಳಗಾಗುವಷ್ಟರಲ್ಲಿ ಎಲ್ಲೋ ಒಂದು ಕಡೆ ಚಿಗುರಾಗಿ ಒಡೆಯುತ್ತಿತ್ತು.

ಹಾಗಾಗಿ ಊರಿನಲ್ಲಿ ಮನೆಗೊಂದು ಮರವಿತ್ತು. ಮದುವೆಯಾದ ಹೊಸತರಲ್ಲಿ ಗಂಡಹೆಂಡಿರು ಕೂಡಿ ನೆಡುತ್ತಿದ್ದರು. ಆಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ, ಇದಕ್ಕೆ ಎಲ್ಲಿಂದ ಕೊಂಬೆ ಬರಬೇಕು ಎಂದು ನಗುತ್ತಿದ್ದರು. ಎರಡು ಮಳೆಗಾಲ ಕಳೆಯುವುದರೊಳಗೆ ಅದರ ನೆರಳಲ್ಲಿ ದನ ಕಟ್ಟಬಹುದಾಗಿತ್ತು. ದಿನದಿನದ ಕಿರಿಕಿರಿಗಳು ಬೆರಳು ಗಾತ್ರದ ರೆಂಬೆಗಳಾಗುತ್ತಿದ್ದವು. ನುಂಗಿಕೊಂಡು ನುಂಗಿಕೊಂಡು ಕಡೆಗೆ ಹೇಳಿದ ಮಾತು ತೊಡೆ ಗಾತ್ರದ ಕೊಂಬೆಯೇ ಆಗುತ್ತಿತ್ತು. ಅತ್ತೆ ಸೊಸೆ ಒಂದೇ ಒಲೆ ಹಂಚಿಕೊಂಡ ಮನೆಯ ಹುಣಸೆಮರ ಬೀದಿಯ ಅರ್ಧ ಆಕಾಶವನ್ನು ಮುಚ್ಚಿಕೊಂಡಿತ್ತು. ಆ ಇಬ್ಬರೂ ಎಷ್ಟು ಅನ್ಯೋನ್ಯವಾಗಿದ್ದಾರೆ ಎಂದು ಊರೆಲ್ಲ ಹೊಗಳುತ್ತಿತ್ತು.

ಇಷ್ಟೇ ಆಗಿದ್ದರೆ ತೊಂದರೆಯಿರಲಿಲ್ಲ. ಆದರೆ ಕೊಂಬೆ ಕಡಿದು ನೆಲ ಮುಟ್ಟಿದಾಗ, ತನ್ನೊಳಗಿನ ಮಾತನ್ನು ಒಂದೇ ಒಂದು ಸಲ, ಆಡಿದವರ ದನಿಯಲ್ಲೇ ಆಡಿಬಿಡುತ್ತಿತ್ತು. ಮೆಲ್ಲಗೆ ಇಳಿದರೆ ಮೆಲ್ಲಗೆ. ದೊಪ್ಪನೆ ಬಿದ್ದರೆ ಊರಿಗೆಲ್ಲ ಕೇಳುವ ಹಾಗೆ. ಒಮ್ಮೆ ಗಾಳಿಗೆ ಒಂದು ಮನೆಯ ಬೇವಿನ ಕೊಂಬೆ ಮುರಿದು ಬಿದ್ದು, “ಸಾರಿಗೆ ಉಪ್ಪು ಜಾಸ್ತಿ ಅಂತೆ ಉಪ್ಪು! ಹಂಗಾದ್ರೆ ನಿಮ್ಮಕ್ಕನ ಮನೇಗೇ ಹೋಗಿ ಉಣ್ಣಿ!” ಎಂದು ಕಿರುಚಿತು. ಪಕ್ಕದ ಜಗಲಿಯ ಮೇಲೆ ಆ ಅಕ್ಕನೇ ಕೂತು ಅವರೆಕಾಯಿ ಬಿಡಿಸುತ್ತಿದ್ದಳು.

ಅದಕ್ಕೇ ಆ ಊರಿಗೆ ಒಬ್ಬ ಸವರುವವನು ಬೇಕಾಗಿದ್ದ. ನಮ್ಮ ಕಥೆ ಅವನದು.

ಸವರುವವನ ದಿನ ಹೀಗೆ ಶುರುವಾಗುತ್ತಿತ್ತು. ಕರೆದವರ ಮನೆಗೆ ಹೋಗುವುದು, ಮರದ ಬುಡ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು, “ನಿನ್ನದಲ್ಲದ್ದನ್ನು ಇಳಿಸ್ತೀನಿ ತಾಯಿ, ನಿನ್ನದನ್ನು ಮುಟ್ಟಲ್ಲ” ಎನ್ನುವುದು. ಆಮೇಲೆ ಗರಗಸ ಬೆನ್ನಿಗೆ ಸಿಕ್ಕಿಸಿಕೊಂಡು ಹತ್ತುವುದು. ಕೊಂಬೆಯ ತುದಿಗೆ ಹಗ್ಗ ಬಿಗಿದು, ತೊಗಟೆ ಸಿಗಿಯದ ಹಾಗೆ ಮೊದಲು ಕೆಳಗಿನಿಂದ ಒಂದಿಷ್ಟು ಕೊಯ್ದು, ಆಮೇಲೆ ಮೇಲಿನಿಂದ ಕೊಯ್ಯುವುದು. ಕೆಳಗೆ ಅವನ ಜೊತೆಗಾರ, ಹಗ್ಗದವನು, ಹಗ್ಗವನ್ನು ಬುಡಕ್ಕೆ ಎರಡು ಸುತ್ತು ಸುತ್ತಿ ಹಿಡಿದು, ಕೊಂಬೆಯನ್ನು ತೊಟ್ಟಿಲ ಮಗುವಿನ ಹಾಗೆ ಇಳಿಸಿ, ದಪ್ಪ ಕೌದಿಯ ಮೇಲೆ ಮಲಗಿಸಿ, ತಟಕ್ಕನೆ ಸುತ್ತಿಬಿಡುತ್ತಿದ್ದ. ಕೌದಿಯೊಳಗಿಂದ ಬಾಯಲ್ಲಿ ಅನ್ನ ತುಂಬಿಕೊಂಡವರ ಗೊಣಗಿನಂಥದ್ದು ಸ್ವಲ್ಪ ಹೊತ್ತು ಬಂದು ನಿಲ್ಲುತ್ತಿತ್ತು. ಮೇಲಿದ್ದ ಸವರುವವನಿಗೆ ಅದು ಕೇಳಿಸುತ್ತಿರಲಿಲ್ಲ. ಹಗ್ಗದವನಿಗಂತೂ ಕೇಳುವ ಪ್ರಶ್ನೆಯೇ ಇರಲಿಲ್ಲ. ಹಗ್ಗ ಹಿಡಿಯುವವನು ಕಿವುಡನೇ ಆಗಿರಬೇಕು ಎಂಬುದು ಕಸುಬಿನ ವಾಡಿಕೆ. ಇವನು ಆ ಊರಿನ ಅಪ್ಪಟ ಕಿವುಡ.

ಹತ್ತಿದ, ಕೊಯ್ದ, ಇಳಿಸಿದ, ಇಳಿದ. ನಾಳೆ ಮತ್ತೆ ಹತ್ತಿದ, ಕೊಯ್ದ, ಇಳಿಸಿದ, ಇಳಿದ.

ಹೇಳುವುದು ಸುಲಭ, ನಡುವೆ ಏನೇನಾಗುತ್ತಿತ್ತು ಎಂದು ಅವನನ್ನು ಕೇಳಬೇಕು. ಗಂಡ ಕರೆಸಿದ ಮರಕ್ಕೆ ಹತ್ತಿದರೆ ಹೆಂಡತಿ ಕಿಟಕಿಯಿಂದ ತಲೆ ಹಾಕಿ, “ಅದು ಬೇಡ ಕಣಣ್ಣ, ಅದರ ಮೇಲೆ ಬಟ್ಟೆ ಒಣಗಿಹಾಕ್ತೀನಿ” ಎನ್ನುತ್ತಿದ್ದಳು. ಕಡಿಯುವಾಗ ಇಲ್ಲದವರು ಕಡಿದ ಮೇಲೆ ಬಂದು, ಬಲಗಡೆಯದನ್ನು ತೆಗೆಯಬೇಕಿತ್ತು, ಎಡಗಡೆಯದನ್ನು ಯಾಕೆ ತೆಗೆದೆ ಎನ್ನುತ್ತಿದ್ದರು. ಹುಟ್ಟಿದಾಗಿನಿಂದ ಮರ ಹತ್ತದವರು ಬುಡದಲ್ಲಿ ನಿಂತು, ಕಾಲನ್ನು ಎಲ್ಲಿ ಇಡಬೇಕು ಎಂದು ಅವನಿಗೆ ಕಲಿಸುತ್ತಿದ್ದರು. ಮಾವಿನ ಮರದಲ್ಲಿ ಕೆಂಪಿರುವೆ, ನೇರಳೆ ಮರದಲ್ಲಿ ಕಣಜ, ಹಲಸಿನ ಮರದಲ್ಲಿ ಮರಿಗಳ ಮೇಲೆ ಪ್ರಾಣ ಇಟ್ಟುಕೊಂಡ ಕಾಗೆ. ಚಹಾ ತಂದಿಟ್ಟಿದ್ದೇವೆ ಎಂದು ಕೂಗುತ್ತಿದ್ದದ್ದು ಅವನು ತುತ್ತತುದಿಯಲ್ಲಿದ್ದಾಗ. ಇಳಿದು ಬರುವಷ್ಟರಲ್ಲಿ ಅದರಲ್ಲಿ ಎರಡು ಇರುವೆ ಸತ್ತು ತೇಲುತ್ತಿದ್ದವು.

ಒಂದು ದಿನ ಅಂಗಡಿಯವನು ಅವನನ್ನು ಗೋಣಿಚೀಲಗಳ ಹಿಂದೆ ಕರೆದುಕೊಂಡು ಹೋಗಿ, ಒಂದು ಅಚ್ಚು ಬೆಲ್ಲ ಕೈಗಿತ್ತು, ಪಿಸುಗುಟ್ಟಿದ.

“ನೋಡಪ್ಪ, ಈ ದೀಪಾವಳಿ ಆದ್ಮೇಲೆ ನಮ್ಮ ಹೊಂಗೆಮರದಲ್ಲಿ ತೆಂಕಲ ಕಡೆ ಒಂದು ಕೊಂಬೆ ದಪ್ಪಗೆ ಬಂದಿದೆ. ನನ್ನ ಹೆಂಡ್ತೀದೇ ಇರಬೇಕು. ಅದೊಂದನ್ನ ಸ್ವಲ್ಪ… ಜೋರಾಗಿ ಇಳಿಸು.”

“ಆಗಲ್ಲ ಬುದ್ಧಿ. ಕಸುಬಿಗೆ ದ್ರೋಹ.”

“ತುಂಬ ಜೋರಾಗಿ ಬೇಡಪ್ಪ. ನನಗೊಬ್ಬನಿಗೆ ಕೇಳೋ ಅಷ್ಟು.”

ಸವರುವವನು ಬೆಲ್ಲವನ್ನು ವಾಪಸು ಕೊಟ್ಟ. ಆ ಕೊಂಬೆಯನ್ನು ಹೂವಿನ ಹಾಗೆ ಇಳಿಸಿದ. ಅವನ ಪ್ರಾಮಾಣಿಕತೆಗೆ ಪ್ರತಿಫಲವಾಗಿ ಅದೇ ಮರದ ಕಣಜವೊಂದು ಅವನ ಕೆಳತುಟಿಗೆ ಕುಟುಕಿತು. ತುಟಿ ಬದನೆಕಾಯಿಯಂತೆ ಊದಿಕೊಂಡು ಅವನು ಮನೆಗೆ ಹೋದ.

ಮನೆಯಲ್ಲಿ ಹೆಂಡತಿ ಏನೂ ಅನ್ನಲಿಲ್ಲ. ತುಟಿಗೆ ಸುಣ್ಣ ಹಚ್ಚಿದಳು. ಗಂಜಿ ಆರಿಸಿ ಕೊಟ್ಟಳು. ನಕ್ಕಳು. ಅವನು ಅಂಗಳದ ಕಡೆ ತಿರುಗಿ ತನ್ನ ಮನೆಯ ಮರವನ್ನು ನೋಡಿ ನಿಟ್ಟುಸಿರು ಬಿಟ್ಟ.

ಏಕೆಂದರೆ ಊರಿಗೆಲ್ಲ ಕೊಂಬೆ ಸವರುವವನ ಮನೆಯ ಮರಕ್ಕೆ ಒಂದೇ ಒಂದು ಕೊಂಬೆ ಇರಲಿಲ್ಲ. ನೆಟ್ಟ ದಿನದಿಂದ ಅದು ನೆಟ್ಟಗೆ ಮೇಲಕ್ಕೆ ಹೋಗಿ, ತುದಿಯಲ್ಲಿ ಒಂದು ಹಿಡಿ ಎಲೆ ಬಿಟ್ಟುಕೊಂಡು ನಿಂತಿತ್ತು. ಅದರ ನೆರಳಿನಲ್ಲಿ ಒಂದು ಬೆಕ್ಕು ಮಲಗಬೇಕಾದರೂ ಬಾಲ ಬಿಸಿಲಿಗೆ ಬರುತ್ತಿತ್ತು.

ಮೊದಮೊದಲು ಅವನಿಗೆ ಅದೇ ದೊಡ್ಡ ಹೆಮ್ಮೆ. ಊರವರು ಅಂಗಳದ ಮುಂದೆ ನಿಂತು, “ಪುಣ್ಯವಂತ ಕಣಯ್ಯ ನೀನು, ಒಂದು ದಿನವೂ ಬೈಸಿಕೊಂಡಿಲ್ಲ” ಎಂದು ಕರುಬುತ್ತಿದ್ದರು. ಅವನು ಮೀಸೆ ನೀವಿಕೊಳ್ಳುತ್ತಿದ್ದ. ಮೀಸೆ ನೀವಿಕೊಳ್ಳುವುದು ನಿಂತದ್ದು ಬೀದಿಯ ಮೂಲೆಮನೆಯವರ ಮರ ಒಣಗಿದ ಮೇಲೆ.

ಮೂಲೆಮನೆಯ ಯಜಮಾನ ಮಗಳಿಗೆ ಗಂಡು ನೋಡುತ್ತಿದ್ದ. ಬೀಗರಾಗುವವರು ಬಂದಾಗ ಮರ ನೋಡಿದರೆ ಮರ್ಯಾದೆ ಏನಾಗಬೇಕು ಎಂದು ಅವನಿಗೆ ಚಿಂತೆ ಹತ್ತಿತು. ಸವರುವವನನ್ನು ಕರೆಸಿ, “ಒಂದು ಕಡ್ಡಿಯೂ ಉಳೀಬಾರದು, ಎಲ್ಲ ತೆಗಿ” ಎಂದ.

“ಎಲ್ಲ ತೆಗೆದ್ರೆ ಮರ ಉಳಿಯಲ್ಲ ಬುದ್ಧಿ. ಸ್ವಲ್ಪ ಸಿಟ್ಟು ಇರಲಿ ಬಿಡಿ, ಉಸಿರಾಡಬೇಕಲ್ಲ.”

“ನಿನಗೆ ಹೇಳಿದಷ್ಟು ಮಾಡು.”

ಹತ್ತಿದ, ಕೊಯ್ದ, ಇಳಿಸಿದ, ಇಳಿದ. ಕೌದಿಗಳು ಸಾಲದೆ ನೆಂಟರ ಮನೆಯಿಂದ ತರಿಸಬೇಕಾಯಿತು. ಕಡೆಯ ರೆಂಬೆ ಇಳಿದ ಮೇಲೆ ಮರ ಒಣಗಿತು, ಆ ಮನೆಯಲ್ಲಿ ಸಿಟ್ಟು ಎಂಬುದೇ ಉಳಿಯಲಿಲ್ಲ. ಯಜಮಾನ ಹೆಂಡತಿಗೆ, “ದಯವಿಟ್ಟು ತಾವು ಕೊಂಚ ಸರಿಯುತ್ತೀರಾ” ಎನ್ನತೊಡಗಿದ. ಅವಳು, “ಕ್ಷಮಿಸಿ, ತಮಗೆ ತೊಂದರೆಯಾಯಿತು” ಎನ್ನತೊಡಗಿದಳು. ಮಗಳು ಅಪ್ಪನ ಮುಂದೆ ಕೈಮುಗಿದು ಹೋಗತೊಡಗಿದಳು. ಬೀಗರು ಬಂದವರು ಒಂದು ಹೊತ್ತು ಕೂತರು, ಬೆವರಿದರು, ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು ಎದ್ದರು. ಬೀದಿಗೆ ಬಂದ ಮೇಲೆ ಗಂಡಿನ ತಾಯಿ, “ಮನೆಯಲ್ಲ ಅದು, ಛತ್ರ. ಅಲ್ಲಿ ಯಾರಿಗೂ ಯಾರೂ ಬೇಕಾಗಿಲ್ಲ” ಎಂದಳು. ಸವರುವವನು ಎದುರು ಮನೆಯ ಮರದ ಮೇಲಿದ್ದ. ಆ ಮಾತು ಅವನಿಗೆ ಚೆನ್ನಾಗಿ ಕೇಳಿಸಿತು. ಅವನ ಕೈಯ ಗರಗಸ ನಿಂತುಹೋಯಿತು.

ಅಂದಿನಿಂದ ಅವನ ನೆಮ್ಮದಿ ಹಾಳಾಯಿತು. ಸುಳ್ಳು ಯಾಕೆ ಹೇಳಲಿ, ಅವನಿಗೆ ಹೆಂಡತಿಯೆಂದರೆ ಪ್ರಾಣ. ಅವಳಿಗೆ ಇವನು ಏನು? ಗಂಡನೋ, ಅಥವಾ ಹೊತ್ತಿಗೆ ಬಂದು ಉಂಡು ಮಲಗಿ ಹೋಗುವ ದಾರಿಹೋಕನೋ? ದಾರಿಹೋಕರ ಮೇಲೆ ಯಾರೂ ಸಿಟ್ಟಾಗುವುದಿಲ್ಲ.

ಅವನು ಬೈಸಿಕೊಳ್ಳಲು ಹೊರಟ. ಕೆಸರು ಕಾಲಲ್ಲಿ ಆಗ ತಾನೇ ಹಾಕಿದ ರಂಗೋಲಿ ತುಳಿದು ಒಳಗೆ ಬಂದು, ಅವಳ ಮುಖವನ್ನೇ ನೋಡುತ್ತಾ ನಿಂತ. “ಪರವಾಗಿಲ್ಲ ಬಿಡಿ, ನಾಳೆ ಹೇಗೂ ಹಾಕಬೇಕಲ್ಲ” ಎಂದಳು. ಎಣ್ಣೆ ತನ್ನಿ ಎಂದರೆ ಹುಣಸೆಹಣ್ಣು ತಂದ. “ಒಳ್ಳೇದೇ ಆಯ್ತು, ಗೊಜ್ಜು ಮಾಡ್ತೀನಿ” ಎಂದಳು. ಅವಳ ತವರಿನವರು ಬಂದ ದಿನ ಬೇಕೆಂದೇ ಹೊತ್ತು ಕಳೆದು ಮನೆಗೆ ಬಂದ. “ಪಾಪ, ಕೆಲಸ ಜಾಸ್ತಿ ಇತ್ತೇನೋ” ಎಂದಳು. ದಿನಾ ಬೆಳಗ್ಗೆ ಎದ್ದು ಮರದ ಬುಡದಿಂದ ತುದಿಯವರೆಗೆ ಹುಡುಕುತ್ತಿದ್ದ. ಚಿಗುರು ಸಿಗಲಿಲ್ಲ. ಒಮ್ಮೆ ಒಂದು ಓತಿಕ್ಯಾತವನ್ನು ಚಿಗುರೆಂದು ತಿಳಿದು ಖುಷಿಯಲ್ಲಿ ಮುಟ್ಟಲು ಹೋಗಿ ಕೈ ಕಚ್ಚಿಸಿಕೊಂಡ.

ಹೆಂಡತಿಯದು ಬೇಡ, ತನ್ನದಾದರೂ ಒಂದಿರಲಿ ಎಂದು ಅವನೇ ಒಮ್ಮೆ ತೊಗಟೆಗೆ ಬಾಯಿ ಹಚ್ಚಿದ. “ಇವಳು… ಇವಳು ಸಾರಿಗೆ ಹುಳಿ ಕಡಿಮೆ ಹಾಕ್ತಾಳೆ” ಎಂದ. ಸಾರು ಚೆನ್ನಾಗಿಯೇ ಇರುತ್ತಿತ್ತು. ಮರಕ್ಕೂ ಅದು ಗೊತ್ತಿದ್ದಿರಬೇಕು, ಏನೂ ಚಿಗುರಲಿಲ್ಲ.

ಈ ಸಂಕಟವನ್ನು ಯಾರ ಹತ್ತಿರ ಹೇಳುವುದು? ಹೇಳಿದರೆ ಊರೆಲ್ಲ ನಗುತ್ತದೆ. ಅವನು ಹಗ್ಗದವನ ಹತ್ತಿರ ಹೇಳಿದ. ಕಿವುಡನಿಗೆ ಹೇಳಿದರೆ ಗುಟ್ಟು ಎಲ್ಲಿಗೂ ಹೋಗುವುದಿಲ್ಲ, ಎದೆಯೂ ಹಗುರಾಗುತ್ತದೆ ಎಂಬ ಲೆಕ್ಕಾಚಾರ. ಚಹಾ ಕುಡಿಯುವಾಗ, ಬುತ್ತಿ ಬಿಚ್ಚುವಾಗ, ಗರಗಸದ ಹಲ್ಲು ಮಸೆಯುವಾಗ, ದಿನಾ ಅದೇ ಮಾತು.

“ಏನಣ್ಣ ನನ್ನ ಹಣೆಬರಹ! ಒಂದು ಸಲ, ಒಂದೇ ಒಂದು ಸಲ, ‘ನಿನ್ನ ಮುಖಕ್ಕಿಷ್ಟು’ ಅಂತಾದ್ರೂ ಅಂದಿದ್ರೆ ಸಾಕಿತ್ತು. ನಾನು ಅವಳಿಗೆ ಬೇಡವೇನೋ ಅಂತ ಭಯ ಆಗ್ತದೆ.”

ಹಗ್ಗದವನು ಚಹಾ ಹೀರುತ್ತಾ ಆಕಾಶ ನೋಡುತ್ತಿದ್ದ.

ಇಂಥ ದಿನಗಳಲ್ಲೇ ಊರ ಹಿರಿಯ ಅವನಿಗೆ ಹೇಳಿಕಳಿಸಿದ.

ಊರ ನಡುವೆ ಒಂದು ಬಾವಿ, ಬಾವಿಯ ಪಕ್ಕ ಒಂದು ಆಲದ ಮರ. ಅದು ಯಾರ ಮನೆಯದೂ ಅಲ್ಲ, ಹಾಗಾಗಿ ಯಾರೂ ಅದಕ್ಕೆ ಬಾಯಿ ಹಚ್ಚುವಂತಿಲ್ಲ. ಅದಕ್ಕೆ ಇದ್ದದ್ದು ದೇವರು ಕೊಟ್ಟ ನಾಲ್ಕು ಕೊಂಬೆ, ಅವನ್ನು ಊರಿನವರು ಹುಟ್ಟಿದಾಗಿನಿಂದ ನೋಡಿದ್ದರು. ವರ್ಷಗಳಿಂದ ಎಲೆಗಳ ಮರೆಯಲ್ಲಿ ಬೆಳೆದ ಐದನೆಯದೊಂದು ಈಗ ಕಣ್ಣಿಗೆ ಬಿದ್ದಿತ್ತು. ಅದೂ ಎಂಥದ್ದು! ಬಾವಿಯ ಮೇಲೆ ಅಡ್ಡಲಾಗಿ ಚಾಚಿ, ರಾಟೆಗೆ ತಾಗಿ, ನೀರಿಗೆ ಎಲೆ ಉದುರಿಸಿ, ಕೊಡ ಎತ್ತಿದ ಹೆಂಗಸರ ತಲೆಗೆ ತಪ್ಪದೆ ಬಡಿಯುತ್ತಿತ್ತು.

“ಇದು ಯಾರದ್ದಪ್ಪಾ?” ಎಂದು ಹಿರಿಯ ಕೇಳಿದ.

“ಕೊಂಬೆ ನೋಡಿ ಹೇಳೋಕಾಗಲ್ಲ ಬುದ್ಧಿ. ಬಹಳ ವರ್ಷದ್ದು, ಒಂದೇ ಬಾಯಿಂದ ಬಂದದ್ದು. ದಿನಾ ಬಂದು ಒಂದೇ ಜಾಗದಲ್ಲಿ ಹೇಳಿದಾರೆ. ಅಷ್ಟು ಮಾತ್ರ ಗೊತ್ತಾಗ್ತದೆ.”

“ತೆಗೆದುಬಿಡು. ಮೆಲ್ಲಗೆ ತೆಗಿ.”

ಊರಿಗೆ ಊರೇ ಬಿಸಿಯಾಯಿತು. ತನ್ನ ಮನೆಯ ಮರ ಬಿಟ್ಟು ಬಾವಿಯ ಮರಕ್ಕೆ ಹೇಳಿದ್ದಾರೆಂದರೆ ಅದು ಎಂಥ ಬೈಗುಳವಿರಬೇಕು! ಯಾರು ಯಾರನ್ನು ಬೈದದ್ದು? ಪ್ರತಿಯೊಬ್ಬರೂ ಪಕ್ಕದವರನ್ನು ಓರೆಗಣ್ಣಲ್ಲಿ ನೋಡಿದರು. ಪ್ರತಿಯೊಬ್ಬರ ಎದೆಯೊಳಗೂ ಒಂದು ಸಣ್ಣ ಅಳುಕು ಇತ್ತು. ಎಂದೋ ನೀರಿಗೆ ಬಂದಾಗ ಆ ಮರಕ್ಕೆ ಒರಗಿ ಬಾಯಿ ತಪ್ಪಿ ಏನಾದರೂ ಅಂದಿದ್ದೆನೇ?

ಆ ಬೆಳಗ್ಗೆ ಸವರುವವನ ಹೆಂಡತಿ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು.

“ಇವತ್ತು ಯಾವ ಮರ?”

“ಬಾವೀದು. ಐದನೇ ಕೊಂಬೆ.”

ಅವಳ ಕೈಯಲ್ಲಿದ್ದ ರೊಟ್ಟಿ ಹಂಚಿನ ಬದಲು ಬೂದಿಗೆ ಬಿತ್ತು. “ಮೆಲ್ಲಗೆ ಇಳಿಸ್ತೀರಿ ತಾನೇ?” ಎಂದಳು.

“ಎಂದು ಜೋರಾಗಿ ಇಳಿಸಿದೀನಿ?”

“ಇಲ್ಲ, ಸುಮ್ಮನೆ ಕೇಳಿದೆ” ಎಂದು ಅವಳು ನಕ್ಕಳು. ಅವನು ಆ ನಗುವನ್ನು ನೋಡಿ, ಇವತ್ತೂ ಇಲ್ಲ ಎಂದುಕೊಂಡು ಗರಗಸ ಎತ್ತಿಕೊಂಡ.

ಬಾವಿಕಟ್ಟೆಯ ಸುತ್ತ ಜನ ಕಿಕ್ಕಿರಿದಿದ್ದರು. ಎಲ್ಲರ ಕಂಕುಳಲ್ಲೂ ಒಂದೊಂದು ಕೌದಿ. ಕೇಳಿದರೆ, “ಊರ ಕೆಲಸ ನೋಡಿ, ನಮ್ಮ ಕಡೆಯಿಂದಲೂ ಒಂದು ಇರಲಿ ಅಂತ” ಎನ್ನುತ್ತಿದ್ದರು. ಅತ್ತೆ ಸೊಸೆ ಮನೆಯಿಂದ ಅತ್ತೆ ಎರಡು ತಂದಿದ್ದಳು, ಸೊಸೆ ಮೂರು. ಕಟ್ಟೆಯ ಕೆಳಗೆ ಕೌದಿಗಳು ಆಳೆತ್ತರಕ್ಕೆ ಪೇರಿಸಿಕೊಂಡವು. ಊರ ಹಿರಿಯ ಸುತ್ತ ನೋಡಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ತನ್ನ ಮೈಮೇಲಿನ ಶಾಲನ್ನೂ ಅದರ ಮೇಲೆ ಹಾಕಿದ. ಸವರುವವನ ಹೆಂಡತಿ ಕೊಡ ಕಂಕುಳಲ್ಲಿಟ್ಟುಕೊಂಡು ಜನರ ಹಿಂದೆ ನಿಂತಿದ್ದಳು.

ಅವನು ಬುಡ ಮುಟ್ಟಿ ಕಣ್ಣಿಗೊತ್ತಿಕೊಂಡ. “ನಿನ್ನದಲ್ಲದ್ದನ್ನು ಇಳಿಸ್ತೀನಿ ತಾಯಿ, ನಿನ್ನದನ್ನು ಮುಟ್ಟಲ್ಲ” ಎಂದ. ಸೊಂಟಕ್ಕೆ ಕಟ್ಟಿಕೊಳ್ಳುವ ಹಗ್ಗ ಎಂದಿನಂತೆ ಕೆಳಗೇ ಉಳಿಯಿತು. ಅದು ಕೈಕಾಲಿಗೆ ತೊಡರುತ್ತದೆ ಎಂದು ಅವನ ದೂರು. ಹತ್ತಿದ. ಕೊಂಬೆಯ ತುದಿಗೆ ಬೇರೆ ಹಗ್ಗ ಬಿಗಿದ. ಕೆಳಗಿನಿಂದ ಕೊಯ್ದ. ಮೇಲಿನಿಂದ ಕೊಯ್ದ. ಮರದ ಹೊಟ್ಟು ಊರವರ ತಲೆಯ ಮೇಲೆ ಉದುರಿತು, ಯಾರೂ ಒದರಿಕೊಳ್ಳಲಿಲ್ಲ.

“ಬರ್ತಾ ಇದೆ!” ಎಂದು ಕೂಗಿದ.

ಕೊಂಬೆ ಕಳಚಿತು. ಹಗ್ಗ ಬಿಗಿಯಿತು. ಕೊಂಬೆ ಗಾಳಿಯಲ್ಲಿ ಒಮ್ಮೆ ತೂಗಿತು. ಹಗ್ಗದವನು ಕೈ ಸಡಿಲಿಸಿ ಸಡಿಲಿಸಿ ಇಳಿಸತೊಡಗಿದ. ಅದು ಕೌದಿಗಳ ಗುಡ್ಡೆಯ ನೇರಕ್ಕೆ ಬಂತು. ಊರು ಉಸಿರು ಬಿಗಿಹಿಡಿಯಿತು. ಅಷ್ಟರಲ್ಲಿ ಹಗ್ಗದವನು ಜನರ ಹಿಂದೆ ನಿಂತಿದ್ದ ಸವರುವವನ ಹೆಂಡತಿಯ ಮುಖವನ್ನೊಮ್ಮೆ ನೋಡಿ, ಹಗ್ಗವನ್ನು ಪಕ್ಕಕ್ಕೆ ಜಗ್ಗಿದ. ಕೊಂಬೆ ಗುಡ್ಡೆಯನ್ನು ದಾಟಿ ತೂಗಿತು. ಅವನು ಹಗ್ಗ ಬಿಟ್ಟೇಬಿಟ್ಟ.

ಬಾವಿಕಟ್ಟೆಯ ಬರೀ ಚಪ್ಪಡಿಯ ಮೇಲೆ ಕೊಂಬೆ ದಢಾರೆಂದು ಬಿತ್ತು. ಬಿದ್ದದ್ದೇ ಒಂದು ಹೆಣ್ಣುದನಿ ನಾಲ್ಕು ಬೀದಿಗೂ ಕೇಳುವಂತೆ ಶುರುಮಾಡಿತು.

“ಅಯ್ಯೋ ನನ್ನ ಕರ್ಮವೇ! ನನ್ನ ಗಂಡ ಅನ್ನಿಸಿಕೊಂಡ ಈ ಮಹರಾಯರು ಊರಿನ ಮರಕ್ಕೆಲ್ಲ ಕ್ಷೌರ ಮಾಡ್ತಾರೆ, ತಮ್ಮ ಗಡ್ಡ ತೆಗೆಯೋಕೆ ಪುರುಸೊತ್ತಿಲ್ಲ! ಅಂಗೀಲಿ ಮರದ ಹೊಟ್ಟು, ಹಾಸಿಗೇಲಿ ಮರದ ಹೊಟ್ಟು, ಮಜ್ಜಿಗೇಲಿ ಮರದ ಹೊಟ್ಟು! ನಾನೇನು ಹೆಂಡತಿಯೋ ಗೆದ್ದಲು ಹುಳವೋ?”

ಮೊದಲು ನಕ್ಕವನು ಹಗ್ಗದವನು. ಹೊಟ್ಟೆ ಹಿಡಿದುಕೊಂಡು, ಎಲ್ಲರಿಗಿಂತ ಮುಂಚೆ, ಎಲ್ಲರಿಗಿಂತ ಜೋರಾಗಿ ನಕ್ಕ. ಊರು ಒಂದು ಕ್ಷಣ ಅವನ ಕಡೆ ತಿರುಗಿತು. ಕಿವುಡ ನಗುತ್ತಿದ್ದಾನೆ! ಇಷ್ಟು ವರ್ಷ ಯಾರ್ಯಾರ ಮನೆಯ ಕೊಂಬೆಗಳನ್ನು ಇವನು ಪಕ್ಕದಲ್ಲೇ ಕೂತು ಸುತ್ತಿದ್ದ ಎಂಬುದು ಎಲ್ಲರಿಗೂ ಒಟ್ಟಿಗೇ ಹೊಳೆದು, ಮುಖಗಳು ಒಂದೊಂದಾಗಿ ಬಿಳಿಚಿಕೊಂಡವು. ಆದರೆ ಯೋಚಿಸಲು ಹೊತ್ತಿರಲಿಲ್ಲ. ಕೊಂಬೆ ನಿಲ್ಲಿಸಿರಲಿಲ್ಲ.

“ಊಟ ಬಡಿಸಿದ್ರೆ, ಬಾಯಿಗೆ ಇಡೋಕೆ ಮುಂಚೆನೇ ‘ಚೆನ್ನಾಗಿದೆ’ ಅಂತಾರೆ! ತಟ್ಟೇಲಿ ಇನ್ನೂ ಬರೀ ಉಪ್ಪಿನಕಾಯಿ ಬಿದ್ದಿರ್ತದೆ! ಮಲಗಿದ್ರೆ ಗೊರಕೆ, ಗೊರಕೇಲೂ ಗರಗಸ ಎಳೀತಾರೆ! ಎಣ್ಣೆ ತನ್ನಿ ಅಂದ್ರೆ ಹುಣಸೆಹಣ್ಣು ತರ್ತಾರೆ! ಬೇಕೂಂತ ರಂಗೋಲಿ ತುಳಿದು, ಎಮ್ಮೆಕರು ಹಂಗೆ ನನ್ನ ಮುಖ ನೋಡ್ತಾ ನಿಲ್ತಾರೆ, ನನಗೆ ಗೊತ್ತಾಗಲ್ಲ ಅಂದುಕೊಂಡಿದಾರಾ?”

ಜನ ಕಣ್ಣೀರು ಬರುವಂತೆ ನಗುತ್ತಿದ್ದರು. ಮೇಲೆ ಸವರುವವನು ಆಲದ ಬೊಡ್ಡೆಯನ್ನು ಎರಡೂ ಕೈಯಿಂದ ತಬ್ಬಿಕೊಂಡು ಕೂತಿದ್ದ. ಇದು ತನ್ನ ಹೆಂಡತಿಯ ದನಿ. ಇದು ತನ್ನದೇ ಕೊಂಬೆ. ಎಷ್ಟು ದಪ್ಪ! ಎಷ್ಟು ವರ್ಷದ್ದು! ಅವನಿಗೆ ಅಳು ಬಂತು, ನಗು ಬಂತು, ಯಾವುದು ಮೊದಲು ಎಂದು ತಿಳಿಯದೆ ಬಿಕ್ಕಳಿಕೆ ಬಂತು.

ಕೊಂಬೆಯ ದನಿ ಈಗ ಸ್ವಲ್ಪ ತಗ್ಗಿತು.

“ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳಲ್ಲ. ಮಳೇಲಿ ಪಾಚಿ ಕಟ್ಟಿದ ಮರ ಹತ್ತಿದ ದಿನ ನನಗೆ ಗಂಟಲಲ್ಲಿ ಅನ್ನ ಇಳೀಲಿಲ್ಲ, ಅವರಿಗೆ ಗೊತ್ತೇ ಇಲ್ಲ. ಬಿದ್ದುಗಿದ್ದು ಹೋದ್ರೆ ನಾನು ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ? ಇದನ್ನೆಲ್ಲ ಮನೆ ಮರಕ್ಕೆ ಹೇಳೋಣ ಅಂದ್ರೆ, ಊರಿನವರ ಸಿಟ್ಟನ್ನೆಲ್ಲ ಕೊಯ್ದು ಕೊಯ್ದು ಅಂಗೈ ಬೊಬ್ಬೆ ಬರಿಸಿಕೊಂಡು ಬರ್ತಾರೆ. ಮನೇಗೆ ಬಂದ ಮೇಲೂ ಮರ ಹತ್ತಬೇಕಾ, ಪಾಪ.”

ಅಷ್ಟು ಹೇಳಿ ಕೊಂಬೆ ಸುಮ್ಮನಾಯಿತು. ಕೆಲವು ಹೆಂಗಸರು ಸೆರಗಿನ ತುದಿಯಿಂದ ಕಣ್ಣೊತ್ತಿಕೊಂಡರು. ಎಲ್ಲರೂ ತಿರುಗಿ ಸವರುವವನ ಹೆಂಡತಿಯನ್ನು ನೋಡಿದರು. ಅವಳ ಮುಖ ಕೆಂಪಗಾಗಿತ್ತು. ಅವಳು ಯಾರನ್ನೂ ನೋಡುತ್ತಿರಲಿಲ್ಲ, ಮೇಲೆ ನೋಡುತ್ತಿದ್ದಳು. ಅಲ್ಲಿ ಅವಳ ಗಂಡ ಎಲ್ಲ ಮರೆತು, ಬೊಡ್ಡೆಯ ಮೇಲಿನ ಎರಡೂ ಕೈಬಿಟ್ಟು ಕಣ್ಣು ಒರೆಸಿಕೊಳ್ಳುತ್ತಿದ್ದ.

“ರೀ!”

ಆ ದನಿ ಕೊಂಬೆಯದಲ್ಲ. ಅವಳು ಜನರನ್ನು ಸರಿಸಿಕೊಂಡು ಮರದ ಬುಡಕ್ಕೇ ಬಂದಿದ್ದಳು.

“ಕೈ ಬಿಡ್ತೀರಲ್ರೀ! ಬುದ್ಧಿ ಎಲ್ಲಿಟ್ಟಿದೀರಿ? ಸೊಂಟದ ಹಗ್ಗ ಎಲ್ಲಿ? ಇಲ್ಲೇ ಬಿದ್ದಿದೆಯಲ್ಲ ನನ್ನ ಕಾಲ ಹತ್ರ! ಇದು ನನ್ನ ಸೊಂಟಕ್ಕೆ ಕಟ್ಟಿಕೊಳ್ಳಲಾ? ಇಳೀರಿ ಕೆಳಗೆ! ಈಗಲೇ ಇಳೀರಿ! ಮೆಲ್ಲಗೆ, ಮೆಲ್ಲಗೆ… ಆ ಕಾಲಲ್ಲ, ಈ ಕಾಲು!”

ಊರು ಬಾಯಿ ತೆರೆದುಕೊಂಡು ನಿಂತಿತು. ಆ ಊರಿನಲ್ಲಿ ಹೆಂಡತಿಯೊಬ್ಬಳು ಗಂಡನನ್ನು ಎದುರೆದುರೇ ಬೈದದ್ದು ಅದೇ ಮೊದಲು. ಸವರುವವನು ಮದುವೆಯ ಗಂಡಿನ ಹಾಗೆ ಮುಖ ಅರಳಿಸಿಕೊಂಡು, ಅವಳು ಹೇಳಿದ ಕಾಲನ್ನೇ ಹೇಳಿದ ಜಾಗದಲ್ಲೇ ಇಟ್ಟು ಇಳಿದು ಬಂದ. ಅವಳ ಮುಂದೆ ನಿಂತು, “ಇನ್ನೂ ಏನಾದ್ರೂ ಇದ್ರೆ ಹೇಳು” ಎಂದ.

“ಇದೆ. ಬಹಳ ಇದೆ” ಎಂದಳು.

ಊರ ಹಿರಿಯ ಕೆಮ್ಮಿದ. “ಏನಮ್ಮಾ, ಇದು ಕಟ್ಟಳೆ ಮುರಿದ ಹಾಗಾಯ್ತಲ್ಲ.”

“ಆಯ್ತು. ಶಿಕ್ಷೆ ಏನು ಹೇಳಿ.”

ಹಿರಿಯನ ಅಪ್ಪನ ಕಾಲದಲ್ಲೂ ಯಾರೂ ಹೀಗೆ ಮಾಡಿರಲಿಲ್ಲ, ಶಿಕ್ಷೆ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಹಿರಿಯ ಪಕ್ಕದಲ್ಲಿ ನಿಂತಿದ್ದ ಹಗ್ಗದವನ ಕಡೆ ತಿರುಗಿ ರೇಗಿದ. “ಎಲ್ಲ ನಿನ್ನಿಂದ ಆದದ್ದು! ಹಗ್ಗ ಜಾರಿತೋ, ನೀನೇ ಬಿಟ್ಟೆಯೋ?”

“ಆಂ?” ಎಂದ ಹಗ್ಗದವನು, ಕಿವಿಗೆ ಅಂಗೈ ಹಿಡಿದು. “ಏನೂ ಕೇಳಿಸಲ್ಲ ಬುದ್ಧಿ.”

ಅದನ್ನು ಅಲ್ಲಿಗೇ ಬಿಡುವುದು ಒಳ್ಳೆಯದು ಎಂದು ಹಿರಿಯನಿಗೂ ಅನ್ನಿಸಿತು. ಅವನ ಮನೆಯ ಮಾವಿನ ಮರವನ್ನು ಕಳೆದ ವರ್ಷವಷ್ಟೇ ಸವರಿಸಿದ್ದ. ಅವನು ಸುತ್ತ ನೋಡಿದ. ಕೊಂಬೆಯ ಎಲೆಗಳು ಚಪ್ಪಡಿಯ ಮೇಲೆಲ್ಲ ಚೆಲ್ಲಿದ್ದವು.

“ಬಾವಿಕಟ್ಟೆ ಗುಡಿಸಬೇಕು. ಇಬ್ಬರೂ.”

“ಬೈದವಳು ನಾನು. ಅವರು ಯಾಕೆ ಗುಡಿಸಬೇಕು?”

“ಬೈಸಿಕೊಂಡು ಹಲ್ಲು ಕಿರೀತಾ ನಿಂತಿದಾನಲ್ಲಮ್ಮ, ಅದಕ್ಕೆ.”

ಇಬ್ಬರೂ ಪೊರಕೆ ಹಿಡಿದರು. ಸ್ವಲ್ಪ ಹೊತ್ತಿಗೇ ಅವಳ ದನಿ ಎದ್ದಿತು. “ನೆಲಕ್ಕೆ ನೋವಾಗುತ್ತೇನ್ರೀ? ಒತ್ತಿ ಗುಡಿಸಿ!” ಹಿರಿಯ ಹಣೆ ಚಚ್ಚಿಕೊಂಡು, “ಮೇಗಲ ಬೀದಿಯನ್ನೂ ಗುಡಿಸಿ” ಎಂದ. ಮೇಗಲ ಬೀದಿಯಲ್ಲಿ, “ಗುಡಿಸಿದ ಕಡೆಗೇ ಮತ್ತೆ ಕಸ ತಳ್ತೀರಲ್ಲ, ಕಣ್ಣು ಎಲ್ಲಿದೆ?” ಎಂದಳು. ಕೆಳಗಲ ಬೀದಿಯೂ ಅವರ ಪಾಲಿಗೆ ಬಂತು. ಹೀಗೆ ಬೀದಿಯಿಂದ ಬೀದಿಗೆ, ಮದುವೆಯಾದಂದಿನಿಂದ ಕೂಡಿಟ್ಟದ್ದನ್ನೆಲ್ಲ ಅವಳು ಮುಖದ ಮೇಲೆ ಹೇಳುತ್ತಾ ಹೋದಳು, ಅವನು ಹೂಂಗುಟ್ಟುತ್ತಾ ಗುಡಿಸುತ್ತಾ ಹೋದ. ನಡುನಡುವೆ ಅವನೂ ಒಂದೆರಡು ಮಾತು ಅಂದ. ಅವಳು, “ಓಹೋ, ನಿಮಗೂ ಬಾಯಿ ಇದೆ!” ಎಂದು ಅಷ್ಟು ಚೆಂದವಾಗಿ ನಕ್ಕಳೆಂದರೆ ಅವನು ಗುಡಿಸುವುದನ್ನೇ ಮರೆತ.

ಜನ ಬಾಗಿಲುಗಳಲ್ಲಿ ನಿಂತು ನೋಡಿದರು. ಅಂಗಡಿಯವನ ಹೆಂಡತಿ ಹೊರಗೆ ಬಂದಳು. ತನ್ನ ಮನೆಯ ಹೊಂಗೆಮರವನ್ನು ನೋಡಿದಳು, ಗಲ್ಲಾಪೆಟ್ಟಿಗೆಯ ಮುಂದೆ ಕೂತ ಗಂಡನನ್ನು ನೋಡಿದಳು. ಒಳಗೆ ಹೋಗಿ ಮೂಲೆಯಲ್ಲಿದ್ದ ಪೊರಕೆಯನ್ನು ಮೊದಲೇ ಕೈಗೆ ತೆಗೆದುಕೊಂಡು ಬಂದು, ಗಂಡನ ಎದುರಿಗೆ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಹೊತ್ತು ಇಳಿಯುವಾಗ ಸವರುವವನೂ ಅವನ ಹೆಂಡತಿಯೂ ಊರ ಕಡೆಯ ಬೀದಿ ಮುಗಿಸಿದರು. ಅವಳು ಎಲೆಗಳನ್ನೆಲ್ಲ ಅಚ್ಚುಕಟ್ಟಾಗಿ ಒಂದು ಗುಡ್ಡೆ ಮಾಡಿ, ಬೆನ್ನು ನೆಟ್ಟಗೆ ಮಾಡಿಕೊಂಡು, “ಅಬ್ಬಾ, ಮುಗೀತು. ಇನ್ನು ಮನೇಗೆ ಹೋಗೋಣ” ಎಂದಳು. ಅವಳ ದನಿಯಲ್ಲಿ ಸಿಟ್ಟು ಒಂದಿಷ್ಟೂ ಉಳಿದಿರಲಿಲ್ಲ.

ಅವನು ಗಾಬರಿಯಾದ. ಅತ್ತ ನೋಡಿದ, ಇತ್ತ ನೋಡಿದ. ಆಮೇಲೆ ಪೊರಕೆಯನ್ನು ತಲೆಕೆಳಗು ಮಾಡಿ ಹಿಡಿದು, ಆ ಎಲೆಗಳ ಗುಡ್ಡೆಗೆ ಬಲವಾಗಿ ಒಂದು ಬಾರಿಸಿದ. ಎಲೆಗಳೆಲ್ಲ ಬೀದಿಯ ಉದ್ದಕ್ಕೂ ಹಾರಿಹೋದವು.

ಅವಳು ಸೊಂಟದ ಮೇಲೆ ಕೈಯಿಟ್ಟು, ಎದೆ ತುಂಬ ಉಸಿರು ಎಳೆದುಕೊಂಡಳು. ಅವನು ಕಾದು ನಿಂತ.